ಅರ್ಧ ಒಪ್ಪಿಗೆಯ ಗಾಡಿ

ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ, ನಮ್ಮ ಪ್ರೌಢಶಾಲೆಯ ವ್ಯಾನನ್ನು ನಾನು ಹಿಮ್ಮುಖವಾಗಿ ಓಡಿಸಿ ಗುಡ್ಡ ದಾಟಿಸಿದೆ. ವ್ಯಾನಿನ ತುಂಬ ಪರೀಕ್ಷೆಗೆ ಕೂರಬೇಕಾದ ಹೆಣ್ಣುಮಕ್ಕಳಿದ್ದರು. ಪರೀಕ್ಷಾ ಕೇಂದ್ರವಿದ್ದುದು ಪಕ್ಕದ ಊರಿನಲ್ಲಿ. ಗುಡ್ಡ ಅಂದು ನಸುಕಿನಲ್ಲೇ ಬಂದು ಆ ಊರಿಗೆ ಹೋಗುವ ರಸ್ತೆಯ ಮೇಲೆ ಕುಳಿತಿತ್ತು. ಮೊದಲನೆಯ ಗೇರಿನಲ್ಲಿ ವ್ಯಾನು ಅರ್ಧ ಏರಿ, ಕೆಮ್ಮಿ, ನಿಂತುಬಿಟ್ಟಿತು. ಎರಡನೆಯ ಪ್ರಯತ್ನದ ಫಲವೂ ಅದೇ. ಆಗ ನನಗೆ, ಈ ವ್ಯಾನಿನ ರಿವರ್ಸ್ ಗೇರಿಗೆ ಮೊದಲನೆಯ ಗೇರಿಗಿಂತಲೂ ಹೆಚ್ಚಿನ ಕಸುವಿದೆ ಎಂಬುದು ಹೊಳೆಯಿತು. ವ್ಯಾನನ್ನು ತಿರುಗಿಸಿ, ಅದರ ಬೆನ್ನನ್ನು ಗುಡ್ಡಕ್ಕೆ ಕೊಟ್ಟು ಏರತೊಡಗಿದೆ. ಹಿಂದಿನ ಗಾಜಿಗೆ ಹುಡುಗಿಯರ ತಲೆಗಳು ಅಡ್ಡವಾಗಿದ್ದುದರಿಂದ ದಾರಿ ಕಾಣುತ್ತಿರಲಿಲ್ಲ. ವಿಶಾಲಾಕ್ಷಿ ಎಂಬ ಹುಡುಗಿ ಹಿಂಬಾಗಿಲನ್ನು ತೆರೆದು, ಒಂದು ಕೈಯಲ್ಲಿ ಸರಳನ್ನೂ ಇನ್ನೊಂದರಲ್ಲಿ ಜಾಮಿಟ್ರಿ ಬಾಕ್ಸನ್ನೂ ಹಿಡಿದು ನಿಂತು, ಎಡಕ್ಕೆ ಬಲಕ್ಕೆ ಎಂದು ಕೂಗಿ ಹೇಳುತ್ತಿದ್ದಳು. ಅವಳು ಕೂಗಿದ್ದನ್ನೆಲ್ಲ ವಿವರಿಸಹೊರಟರೆ ಪ್ರಸಂಗ ಉದ್ದವಾಗುತ್ತದೆ. ಗಂಟೆ ಬಾರಿಸುವ ಮುನ್ನ ತಲುಪಿದೆವು ಎಂಬುದು ಮುಖ್ಯ. ಕನ್ನಡದಲ್ಲಿ ಎಲ್ಲರೂ ಪಾಸಾದರು. ಗಣಿತದ ಫಲಿತಾಂಶ ಗುಡ್ಡಕ್ಕಾಗಲಿ ನನಗಾಗಲಿ ಸಂಬಂಧಿಸಿದ್ದಲ್ಲ.

ನಾನು ಕನ್ನಡ ಪಾಠ ಹೇಳುತ್ತಿದ್ದವನು. ಶಾಲೆಯಲ್ಲಿ ಬೇರೆ ಯಾರಿಗೂ ಲೈಸೆನ್ಸ್ ಇಲ್ಲದ್ದರಿಂದ ವ್ಯಾನಿನ ಬೀಗದಕೈಯೂ ನನ್ನ ಜೇಬಿನಲ್ಲಿರುತ್ತಿತ್ತು. ಅಂದಿನಿಂದ ಊರಿನವರು ನನ್ನನ್ನು ವಾಹನಗಳ ಮರ್ಮ ಬಲ್ಲವನೆಂದು ಗಣಿಸಿದರು. ಒಬ್ಬ ಮನುಷ್ಯನ ಯೋಗ್ಯತೆಯನ್ನು ಊರು ಸರಿಯಾಗಿ ಗುರುತಿಸಿದಾಗ ಅದನ್ನು ನಿರಾಕರಿಸುವುದು ಉದ್ಧಟತನವಾಗುತ್ತದೆ. ಆದ್ದರಿಂದ ನಾನು ನಿರಾಕರಿಸಲಿಲ್ಲ.

ಗುಡ್ಡದ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೆಳಗಿನಲ್ಲಿ ಇತರ ಊರುಗಳವರು ತಿಂಡಿ ಆಯಿತೇ ಎಂದು ಕೇಳಿದರೆ ನಮ್ಮಲ್ಲಿ ‘ಗುಡ್ಡ ಎಲ್ಲಿ?’ ಎಂದು ಕೇಳುತ್ತಾರೆ. ಅದು ಕೆಲವು ದಿನ ಪೇಟೆಬೀದಿಯಲ್ಲಿರುತ್ತದೆ, ಕೆಲವು ದಿನ ಕೆರೆಯ ಹಿಂದೆ. ಬಂದು ಕುಳಿತ ಬೀದಿಯ ಮನೆಗಳು ಅದರ ಜೊತೆಗೇ ಮೇಲೇರುತ್ತವೆ. ಒಲೆಯ ಮೇಲಿನ ಹಾಲು ಕೂಡ ತುಳುಕುವುದಿಲ್ಲ. ಬೀದಿಯವರು ಎದ್ದು, ಕಿಟಕಿಯಿಂದ ನೋಡಿ, ನಿಟ್ಟುಸಿರಿಟ್ಟು, ಚಪ್ಪಲಿ ಬದಲಿಸಿಕೊಂಡು ಇಳಿಯುತ್ತಾರೆ. ಲಗ್ನಪತ್ರಿಕೆಗಳ ಕೊನೆಯಲ್ಲಿ ‘ಗುಡ್ಡದ ನೆಲೆ ವಿಚಾರಿಸಿಕೊಂಡು ಹೊರಡಬೇಕಾಗಿ ವಿನಂತಿ’ ಎಂದು ಅಚ್ಚು ಹಾಕಿಸುತ್ತಾರೆ. ಪ್ರತಿ ಮನೆಯ ಜಗಲಿಯ ಕೆಳಗೂ, ಗಾಡಿ ಜಾರದಂತೆ ಗಾಲಿಗೆ ಕೊಡುವ ಕಲ್ಲೊಂದು ಇರುತ್ತದೆ. ಗುಡ್ಡ ನಮ್ಮ ಊರಿನ ಗಡಿಯನ್ನು ದಾಟುವುದಿಲ್ಲ. ದಾಟಿದರೆ ಪಕ್ಕದ ಊರಿನವರು ಸುಮ್ಮನಿರುವ ಪೈಕಿಯವರಲ್ಲ.

ಇಂಥ ಊರಿನಲ್ಲಿ ಬಳಸಿದ ಗಾಡಿಯನ್ನು ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮಾರುವವನು ತನ್ನ ಗಾಡಿಯಲ್ಲಿ ತಾನೇ ಕುಳಿತು, ಕೊಳ್ಳುವವರನ್ನೂ ಕೂರಿಸಿಕೊಂಡು, ಗುಡ್ಡವನ್ನು ಒಂದು ಕಡೆಯಿಂದ ಏರಿ ಇನ್ನೊಂದು ಕಡೆಗೆ ಇಳಿಯಬೇಕು. ನಡುವೆ ಒಮ್ಮೆ ನಿಂತು ಮತ್ತೆ ಹೊರಡಬೇಕು. ಅದಾದ ಮೇಲೆ ನಾನು ‘ಒಪ್ಪಿಗೆ’ ಎನ್ನಬೇಕು. ನಾನು ಒಪ್ಪಿದ ಯಾವ ಗಾಡಿಯೂ ಈವರೆಗೆ ಯಾರನ್ನೂ ದಾರಿಯಲ್ಲಿ ಕೈಬಿಟ್ಟಿಲ್ಲ. ಏರುವುದು ಅಥವಾ ಇಳಿಯುವುದು ಎರಡರಲ್ಲಿ ಒಂದೇ ಆಗಿದ್ದರೆ ‘ಅರ್ಧ ಒಪ್ಪಿಗೆ’ ಎನ್ನಲು ಅವಕಾಶವಿದೆ. ಆದರೆ ಅರ್ಧ ಒಪ್ಪಿಗೆ ಕೊಟ್ಟವನು, ಉಳಿದ ಅರ್ಧ ಆಗುವವರೆಗೂ, ಆ ಗಾಡಿ ಹೊರಟಾಗಲೆಲ್ಲ ಅದರಲ್ಲಿ ಕುಳಿತು ಹೋಗಬೇಕು. ಈ ನಿಯಮದ ಕಾರಣದಿಂದಲೇ, ಈಗ ಹೇಳಲಿರುವ ಗಾಡಿ ಬರುವವರೆಗೆ, ನಾನು ಯಾವ ಗಾಡಿಗೂ ಅರ್ಧ ಒಪ್ಪಿಗೆ ಕೊಟ್ಟಿರಲಿಲ್ಲ.

ಹಿಂಬಾಗಿಲಲ್ಲಿ ನಿಂತು ಕೂಗಿದ್ದ ವಿಶಾಲಾಕ್ಷಿಗೆ ಈಗ ಅರವತ್ತು ದಾಟಿದೆ. ಅವಳ ಎರಡೂ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಎರಡು ಸಲ ಪಕ್ಕದ ಊರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಂದು ಸರದಿ ತಪ್ಪಿದರೆ ಕಾಲು ಬಾತುಕೊಳ್ಳುತ್ತದೆ. ಇನ್ನೊಂದೂ ತಪ್ಪಿದರೆ ಏನಾಗುತ್ತದೆಂಬುದನ್ನು ವೈದ್ಯರು ಮಗಳಿಗೆ ಮಾತ್ರ ಹೇಳಿದ್ದಾರೆ. ಮಗಳು ಮಂದಾಕಿನಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಸಮವಸ್ತ್ರಗಳನ್ನೂ ತಾಯಿಯನ್ನೂ ಸಾಗಿಸುತ್ತಿದ್ದ ಅವಳ ಹಳೆಯ ಡೀಸೆಲ್ ವ್ಯಾನು, ನಾನೇ ಒಪ್ಪಿದ್ದು, ತನ್ನ ಆಯುಷ್ಯವನ್ನು ಪೂರೈಸಿ ಮನೆಯಂಗಳದಲ್ಲೇ ಪ್ರಾಣ ಬಿಟ್ಟಿತು. ಗುಡ್ಡ ರಸ್ತೆಯ ಮೇಲೆ ಕುಳಿತ ದಿನ ಬಸ್ಸು ಬರುವುದಿಲ್ಲ, ಆಟೋ ಏರುವುದಿಲ್ಲ. ಹಾಗಾಗಿ ಒಂದು ಸರದಿ ಆಗಲೇ ತಪ್ಪಿಹೋಗಿತ್ತು.

“ಈ ಸಲ ಕರೆಂಟು ಗಾಡಿ ನೋಡಿದ್ದೀನಿ ಮೇಷ್ಟ್ರೇ,” ಎಂದಳು ಮಂದಾಕಿನಿ, ಬಟ್ಟೆಯಿಂದ ಕಣ್ಣೆತ್ತದೆ. “ಡೀಸೆಲ್ ವಾಸನೆಗೆ ಅಮ್ಮಂಗೆ ದಾರಿಯುದ್ದಕ್ಕೂ ವಾಂತಿ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಅರ್ಧ ಜೀವ ಆಗಿರ್ತಾಳೆ. ಎತ್ತರದ ಗಾಡಿ, ಅವಳು ಬಗ್ಗದೇ ಹತ್ತಬಹುದು.”

“ಹೊಸದೇ?”

“ಹೊಸದು ನಮ್ಮ ಕೈಗೆಲ್ಲಿ ಎಟುಕುತ್ತೆ? ಸೆಕೆಂಡ್ ಹ್ಯಾಂಡು. ಅದಕ್ಕೇ ತಾನೆ ನಿಮ್ಮನ್ನ ಕರೆದಿದ್ದು.”

ಇಂಥ ಗಾಡಿಯನ್ನು ನಾನು ಅದುವರೆಗೆ ಪರೀಕ್ಷಿಸಿರಲಿಲ್ಲವಾದರೂ, ಗಾಡಿ ಯಾವುದಾದರೂ ಗುಡ್ಡ ಒಂದೇ ಎಂದು ಸಮಾಧಾನ ಹೇಳಿದೆ. ಆ ನೆಪದಲ್ಲಿ ಪರೀಕ್ಷೆಯ ದಿನದ ಪ್ರಸಂಗವನ್ನೂ ಒಮ್ಮೆ ಹೇಳಿದೆ. ಮಂದಾಕಿನಿ ಹೊಲಿಗೆ ಯಂತ್ರವನ್ನು ನಿಲ್ಲಿಸಲಿಲ್ಲ. ‘ಹಿಮ್ಮುಖವಾಗಿ’ ಎಂಬಲ್ಲಿ ಅವಳ ತುಟಿಗಳು ನನಗಿಂತ ಮೊದಲೇ ಅಲುಗಿದವು.

ಗಾಡಿಯನ್ನು ತಂದವರು ಬಯಲುಸೀಮೆಯ ಜಿನದತ್ತ ಎಂಬವರು; ಬಳಸಿದ ವಾಹನಗಳ ವ್ಯಾಪಾರಿ. ಕುಂಬಳಕಾಯಿಯ ಮೈಕಟ್ಟು, ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಗಾಡಿ ಬೀದಿಯ ತುದಿಯಿಂದ ಮನೆಯ ಮುಂದೆ ಬಂದು ನಿಲ್ಲುವವರೆಗೂ ಯಾರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಆಟೋ ಚಾಲಕ ಗಫೂರ್ ಬೆಚ್ಚಿ ಬಿದ್ದು, “ಅಲ್ಲಾ, ಇದು ಗಾಡಿನೋ ಬೆಕ್ಕೋ?” ಎಂದ.

“ನೋಡಿ ಸ್ವಾಮಿ, ಒಂಚೂರು ಶಬ್ದ ಇಲ್ಲ,” ಎಂದರು ಜಿನದತ್ತ.

“ಶಬ್ದವೇ ಇಲ್ಲದಿದ್ದರೆ ಅದರ ಕಾಯಿಲೆಯನ್ನು ನಾವು ತಿಳಿಯುವುದು ಹೇಗೆ?” ಎಂದೆ ನಾನು.

“ಕಾಯಿಲೆ ಬರೋದಕ್ಕೆ ಇದ್ರಲ್ಲಿ ಏನಿದೆ? ಎಂಜಿನ್ ಇಲ್ಲ, ಕ್ಲಚ್ ಇಲ್ಲ, ಆಯಿಲ್ ಬದಲಾಯಿಸೋ ರಗಳೆ ಇಲ್ಲ, ಸೈಲೆನ್ಸರ್ ಇಲ್ಲ.”

“ಇಲ್ಲದ್ದನ್ನೆಲ್ಲ ಹೇಳಿದಿರಿ. ಇರುವುದೇನು?”

“ಬ್ಯಾಟರಿ, ಸ್ವಾಮಿ. ಮೇಲೆ ಒಂದು ಮೋಟಾರು.”

ನಾನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಟೈರುಗಳು ಅದರ ವಯಸ್ಸಿಗೆ ತಕ್ಕುದಕ್ಕಿಂತ ಹೆಚ್ಚು ಸವೆದಿದ್ದವು. ಬ್ಯಾಟರಿಯ ಭಾರಕ್ಕೆ ಹಾಗಾಗುತ್ತದೆ, ಎಲ್ಲ ಕರೆಂಟು ಗಾಡಿಗಳದೂ ಅದೇ ಹಣೆಬರಹ ಎಂದರು ಜಿನದತ್ತ. ಬ್ರೇಕಿನ ತಟ್ಟೆಗಳು ತುಕ್ಕು ಹಿಡಿದಿದ್ದವು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕಿಗೆ ಕೆಲಸ ಕಡಿಮೆ, ಇಳಿಜಾರಿನಲ್ಲಿ ಬ್ಯಾಟರಿಗೂ ಒಂದಿಷ್ಟು ಮರಳಿ ತುಂಬುತ್ತದೆ ಎಂದರು. ಈ ಉತ್ತರಗಳು ಸಮಂಜಸವಾಗಿದ್ದವು. ಪ್ರಾಮಾಣಿಕ ಮನುಷ್ಯ ಎನಿಸಿತು. ಪ್ರಾಮಾಣಿಕ ಮನುಷ್ಯನ ಗಾಡಿಯನ್ನು ಇನ್ನೂ ಹೆಚ್ಚು ಎಚ್ಚರಿಕೆಯಿಂದ ನೋಡಬೇಕು. ಏಕೆಂದರೆ ಅದರ ದೋಷ ಅವನಿಗೇ ಗೊತ್ತಿರುವುದಿಲ್ಲ.

“ಬ್ಯಾಟರಿಯ ಸ್ಥಿತಿ ಹೇಗಿದೆ?”

“ಇಲ್ಲೇ ಪರದೆ ಮೇಲೆ ನೋಡಿ. ಐವತ್ತೈದು ಪರ್ಸೆಂಟ್.”

“ಅದು ಹೊಟ್ಟೆ ಎಷ್ಟು ತುಂಬಿದೆ ಎಂಬ ಲೆಕ್ಕ. ಹೊಟ್ಟೆ ಈಗ ಎಷ್ಟು ದೊಡ್ಡದಿದೆ ಎಂದು ನಾನು ಕೇಳುತ್ತಿದ್ದೇನೆ. ಹಳೆಯದಾದಂತೆ ಕುಗ್ಗಿರುತ್ತದಲ್ಲ?”

ಜಿನದತ್ತ ನನ್ನನ್ನು ಹೊಸದಾಗಿ ನೋಡಿದರು. “ಅದನ್ನ ಕಂಪನಿಯವರು ಯಂತ್ರ ಇಟ್ಟು ಪರೀಕ್ಷೆ ಮಾಡಿ ಬರೆದುಕೊಡ್ತಾರೆ, ಸ್ವಾಮಿ.”

“ಬರೆಸಿಕೊಂಡು ಬಂದಿದ್ದೀರಾ?”

“ಬರೆಸೋಣ. ಅದಕ್ಕೇನಂತೆ.”

“ಹಾಗಾದರೆ ಸದ್ಯಕ್ಕೆ ಗುಡ್ಡವೇ ಪರೀಕ್ಷಿಸಲಿ,” ಎಂದೆ.

ಆದರೆ ಗುಡ್ಡ ಅಂದು ಊರಿನ ಯಾವ ಬೀದಿಯಲ್ಲೂ ಇರಲಿಲ್ಲ. ದೂರದ ಗೋಮಾಳದಲ್ಲಿ, ಗಾಡಿ ಹೋಗಲು ದಾರಿಯೇ ಇಲ್ಲದ ಕಡೆ ಹೋಗಿ ಕುಳಿತಿತ್ತು. ಜಿನದತ್ತ, ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿ ತೋರಿಸುತ್ತೇನೆಂದರು. ಸಮತಟ್ಟಿನಲ್ಲಿ ಗಫೂರನ ಆಟೋ ಕೂಡ ಸಭ್ಯವಾಗಿ ವರ್ತಿಸುತ್ತದೆ ಎಂದು ನಾನು ತಿಳಿಸಿದೆ. ಗಫೂರ್ ಇದನ್ನು ಪ್ರಶಂಸೆಯೆಂದು ಸ್ವೀಕರಿಸಿದ. ಜಿನದತ್ತ ಗುಡ್ಡಕ್ಕಾಗಿ ಕಾಯಲು ಗಫೂರನ ಮನೆಯ ಹೊರಕೋಣೆಯಲ್ಲಿ ಉಳಿದರು. ಹೀಗೆ ಕಾದವರು ನಮ್ಮಲ್ಲಿ ಹೊಸಬರೇನಲ್ಲ. ಹಿಂದೊಮ್ಮೆ ಜೀಪು ಮಾರಲು ಬಂದವನೊಬ್ಬ ಕಾದು ಕಾದು ಇಲ್ಲೇ ಮದುವೆಯಾದ.

ಕಾಯುವಿಕೆಯ ಅವಧಿಯಲ್ಲಿ ಬೀದಿಯ ಮಕ್ಕಳೆಲ್ಲ ಗಾಡಿಯೊಳಗೆ ಕುಳಿತು, ದೀಪ ಹಾಕಿ ಆರಿಸಿ, ಹಾಡು ಕೇಳಿ, ಕಿಟಕಿಗಳನ್ನು ಏರಿಸಿ ಇಳಿಸಿ ಸಂಭ್ರಮಪಟ್ಟರು. ಮರುದಿನ ಗಾಡಿ ಬಾಗಿಲನ್ನೇ ತೆರೆಯಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇದು: ಗಾಡಿಯ ಹೊಟ್ಟೆಯಲ್ಲಿ ಮಂಚದಷ್ಟು ದೊಡ್ಡ ಬ್ಯಾಟರಿ ತುಂಬಿಕೊಂಡಿದ್ದರೂ, ಬಾಗಿಲು ತೆರೆಯುವುದಕ್ಕೂ ಗಾಡಿಯನ್ನು ಎಬ್ಬಿಸುವುದಕ್ಕೂ ಮುಂಭಾಗದಲ್ಲಿರುವ, ತಿಂಡಿಡಬ್ಬಿಯಷ್ಟು ದೊಡ್ಡದಾದ ಇನ್ನೊಂದು ಮಾಮೂಲಿ ಬ್ಯಾಟರಿಯ ಅಪ್ಪಣೆ ಬೇಕು. ಅದು ಬರಿದಾಗಿತ್ತು. ಜಿನದತ್ತ ಬೀಗದಕೈಯ ಹೊಟ್ಟೆಯೊಳಗೆ ಅಡಗಿದ್ದ ಕಡ್ಡಿಯಂಥ ಕೀಲಿಯಿಂದ ಬಾಗಿಲು ತೆಗೆದರು. ಗಫೂರ್ ತನ್ನ ಆಟೋದ ಬ್ಯಾಟರಿಯಿಂದ ತಂತಿ ಎಳೆದು ಅದನ್ನು ಎಬ್ಬಿಸಿದ. ಆ ದಿನವೆಲ್ಲ ಅವನು ತನ್ನ ಆಟೋವನ್ನು ದೊಡ್ಡ ಗಾಡಿಯ ಮುಂದೆಯೇ ನಿಲ್ಲಿಸಿಕೊಂಡಿದ್ದ. ಬಳಸಿದ ಕರೆಂಟು ಗಾಡಿ ಕೊಳ್ಳುವವರು ಈ ಸಣ್ಣ ಬ್ಯಾಟರಿಯನ್ನು ಮೊದಲು ಬದಲಾಯಿಸತಕ್ಕದ್ದು ಎಂದು ಅಂದೇ ನಾನು ಊರಿಗೆ ಸಾರಿದೆ.

ಮಾರನೆಯ ಬೆಳಿಗ್ಗೆ ಗುಡ್ಡ ಬಂತು. ಬಂದದ್ದು ಮಂದಾಕಿನಿಯ ಬೀದಿಯ ಅಡಿಗೇ. ನಾನು ಕೋಲೂರಿಕೊಂಡು ಏದುಸಿರು ಬಿಡುತ್ತ ಮೇಲೆ ತಲುಪಿದಾಗ, ಗಾಡಿ ನಿಲ್ಲಿಸಿದ್ದಲ್ಲಿಯೇ ಇತ್ತು. ಆದರೆ ನಿಲ್ಲಿಸಿದ್ದ ಜಾಗವೀಗ ಗುಡ್ಡದ ನೆತ್ತಿಯಾಗಿತ್ತು. ಜಿನದತ್ತ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಕೆಳಗಿನ ಊರನ್ನು ನೋಡುತ್ತ ನಿಂತಿದ್ದರು.

“ನಿನ್ನೆ ಇಲ್ಲಿ ಬಯಲಿತ್ತು, ಸ್ವಾಮಿ.”

“ಹೌದು. ನೀವು ಗಾಲಿಗೆ ಕಲ್ಲು ಕೊಟ್ಟಿರಲಿಲ್ಲ. ಇನ್ನು ಮುಂದೆ ಕೊಡಿ.”

ಗಾಡಿ ಗುಡ್ಡದ ಮೇಲಿದ್ದ ಕಾರಣ ಮೊದಲು ಇಳಿಯಲೇಬೇಕಾಯಿತು. ನಾನು, ಮಂದಾಕಿನಿ, ಜಿನದತ್ತ ಕುಳಿತೆವು. ಗಾಡಿ ಹೂವಿನ ಹಾಗೆ ಇಳಿಯಿತು. ಅದಷ್ಟೇ ಅಲ್ಲ, ಪರದೆಯ ಮೇಲಿನ ಅಂಕ ಇಳಿಯುವ ಬದಲು ಒಂದೆರಡು ಏರಿತು. ಬುಡದಲ್ಲಿ ನೆರೆದಿದ್ದ ಬೀದಿಯವರು ಕಿಟಕಿಯೊಳಗೆ ತಲೆ ತೂರಿಸಿ ಅದನ್ನು ಕಣ್ಣಾರೆ ಕಂಡರು.

“ಓಡಿದಷ್ಟೂ ತುಂಬುತ್ತೆ ಮೇಷ್ಟ್ರೇ!” ಎಂದ ಗಫೂರ್. “ನನ್ನ ಆಟೋ ಒಂದು ದಿನಾನಾದ್ರೂ ಹೀಗೆ ಗ್ಯಾಸ್ ವಾಪಸ್ ಕೊಟ್ಟಿದ್ಯಾ?”

“ಈಗ ಏರಿಸಿ ನೋಡಬೇಕು,” ಎಂದೆ ನಾನು.

ಅಷ್ಟರಲ್ಲಿ ಗುಡ್ಡ ಎದ್ದು ಹೋಯಿತು. ಹಗಲಿನಲ್ಲಿ ಅದು ಏಳುವುದು ಅಪರೂಪ. ಮೇಲಿದ್ದ ಮನೆಗಳು ಮೆಲ್ಲನೆ ನಮ್ಮ ಮಟ್ಟಕ್ಕೆ ಬಂದವು. ಜಗಲಿಯ ಮೇಲೆ ಕುಳಿತಿದ್ದ ವಿಶಾಲಾಕ್ಷಿಯೂ ಕುರ್ಚಿ ಸಮೇತ ಕೆಳಗೆ ಬಂದಳು. ಅವಳ ಪಾದಗಳು ಚಪ್ಪಲಿಯ ಪಟ್ಟಿಗೆ ಮೀರಿ ಉಬ್ಬಿದ್ದವು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಮರುದಿನ ಅವಳ ಸರದಿ. ಮತ್ತೆ ಗುಡ್ಡಕ್ಕಾಗಿ ಕಾಯುವಷ್ಟು ವ್ಯವಧಾನ ಅವಳ ದೇಹಕ್ಕಿರಲಿಲ್ಲ. ಏರಿಸದ ಗಾಡಿಗೆ ನಾನು ಒಪ್ಪಿಗೆ ಕೊಡುವಂತಿರಲಿಲ್ಲ. ಒಪ್ಪಿಗೆ ಇಲ್ಲದ ಗಾಡಿಯಲ್ಲಿ ರೋಗಿಯನ್ನು ಕಳಿಸುವುದಕ್ಕೆ ಊರು ಬಿಡುವುದಿಲ್ಲ. ಬೀದಿಯವರೆಲ್ಲ ನನ್ನ ಮುಖ ನೋಡಿದರು. ಮಂದಾಕಿನಿ ಮಾತ್ರ ನೋಡಲಿಲ್ಲ. ಅವಳು ತಾಯಿಯ ಪಾದವನ್ನು ನೋಡುತ್ತಿದ್ದಳು.

“ಅರ್ಧ ಒಪ್ಪಿಗೆ,” ಎಂದೆ.

ಆ ಸಂಜೆ ಅಂಗಡಿಯ ಇಸ್ತ್ರಿಪೆಟ್ಟಿಗೆಯ ಸಾಕೆಟ್ಟಿಗೆ ಗಾಡಿಯನ್ನು ಕಟ್ಟಿ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಕರೆಂಟು ಹೋಯಿತು, ಬೆಳಿಗ್ಗೆ ಬಂತು. ಪರದೆಯಲ್ಲಿ ಅರವತ್ತರ ಆಸುಪಾಸಿತ್ತು. ಆಸ್ಪತ್ರೆಗೆ ಹೋಗಿ ಬರಲು ಅದು ಧಾರಾಳವಾಗಿ ಸಾಕೆಂದು ಜಿನದತ್ತ ಹೇಳಿದರು, ಮತ್ತು ಸಮತಟ್ಟಿನ ಲೆಕ್ಕದಲ್ಲಿ ಅದು ಸರಿಯೇ ಆಗಿತ್ತು. ನಾನು ಶುಭ್ರವಾದ ಪಂಚೆಯುಟ್ಟು, ಕೊಡೆ, ಫ್ಲಾಸ್ಕು, ನಮ್ಮ ಮನೆಯ ಕಲ್ಲು ಇಷ್ಟನ್ನು ತೆಗೆದುಕೊಂಡು ನಿಯಮದಂತೆ ಮುಂದಿನ ಸೀಟಿನಲ್ಲಿ ಕುಳಿತೆ. ಮಂದಾಕಿನಿ ಓಡಿಸಲು ಕುಳಿತಳು. ಹಿಂದೆ ವಿಶಾಲಾಕ್ಷಿ, ಅವಳ ಪಕ್ಕದಲ್ಲಿ ಜಿನದತ್ತ.

“ಮೇಷ್ಟ್ರೇ, ಗುಡ್ಡ ಎಲ್ಲಿ?” ಎಂದು ಮಂದಾಕಿನಿ ಎದುರಿಗೆ ಬಂದ ಗಫೂರನನ್ನೇ ನೋಡುತ್ತ ನನ್ನನ್ನು ಕೇಳಿದಳು.

ಗಫೂರ್ ಆಸ್ಪತ್ರೆಯ ರಸ್ತೆಯತ್ತ ಕೈ ತೋರಿಸಿದ, ಅಷ್ಟೇ. ಬಸ್ಸು ಬಂದಿರಲಿಲ್ಲ.

ಗುಡ್ಡ ಕುಳಿತಿದ್ದ ಜಾಗವನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತು ಎಂದರೆ ಓದುಗರು ತಪ್ಪು ತಿಳಿಯಬಾರದು. ಪರೀಕ್ಷೆಯ ದಿನ ಕುಳಿತಿದ್ದ ಜಾಗವೇ ಅದು. ಈ ಏರಿನ ಪ್ರತಿಯೊಂದು ತಿರುವೂ ನನಗೆ ಪರಿಚಿತ. “ಹೆದರಬೇಡ, ಹೊರಡು,” ಎಂದೆ.

ಮೊದಲ ತಿರುವಿನವರೆಗೆ ಗಾಡಿ ಸದ್ದಿಲ್ಲದೆ, ಗಂಭೀರವಾಗಿ ಏರಿತು. ಏರಿದಂತೆ ಪರದೆಯ ಅಂಕ ಅರವತ್ತರಿಂದ ಐವತ್ತಕ್ಕೆ ಬಂತು. ಎರಡನೆಯ ತಿರುವಿನಲ್ಲಿ ಐವತ್ತು ಇದ್ದಕ್ಕಿದ್ದಂತೆ ಮೂವತ್ತಾಯಿತು. ಮಂದಾಕಿನಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು. ಮೂವತ್ತು ಹದಿನೈದಾಯಿತು. ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಆಮೆಯೊಂದು ಕಾಣಿಸಿಕೊಂಡಿತು.

“ಇದೇನ್ರೀ ಆಮೆ?” ಎಂದಳು ಮಂದಾಕಿನಿ.

“ಅದು... ಬ್ಯಾಟರಿ ಸುಸ್ತಾದಾಗ ಬರುತ್ತೆ,” ಎಂದರು ಜಿನದತ್ತ. ಅವರ ಧ್ವನಿಯೂ ಸುಸ್ತಾಗಿತ್ತು. “ನನ್ನ ಕೈಯಲ್ಲಿ ಒಂದು ಸಲಾನೂ ಬಂದಿಲ್ಲಮ್ಮಾ. ನಮ್ಮ ಕಡೆ ಗುಡ್ಡ ಅಂತ ಎಲ್ಲಿದೆ!”

ಗಾಡಿ ನಿಂತಿತು. ನಾನು ಇಳಿದು ಗಾಲಿಗೆ ಕಲ್ಲು ಕೊಟ್ಟೆ. ಒಳಗೆ ವಿಶಾಲಾಕ್ಷಿ ಕಿಟಕಿಗೆ ತಲೆ ಒರಗಿಸಿ, ಬಾಯಿ ತೆರೆದು ಉಸಿರಾಡುತ್ತಿದ್ದಳು. ಆಸ್ಪತ್ರೆಯವರು ಸರದಿಗೆ ಬಾರದವರ ಯಂತ್ರವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಮಂದಾಕಿನಿ ಸ್ಟೀರಿಂಗನ್ನು ಎರಡೂ ಕೈಗಳಿಂದ ಹಿಡಿದುಕೊಂಡು, “ಈಗೇನು ಮಾಡೋದು ಮೇಷ್ಟ್ರೇ?” ಎಂದಳು.

ಇದಕ್ಕೆ ಉತ್ತರವನ್ನು ನಾನು ನಲವತ್ತು ವರ್ಷಗಳಿಂದ ಸಿದ್ಧವಾಗಿಟ್ಟುಕೊಂಡಿದ್ದೆ. “ತಿರುಗಿಸು. ರಿವರ್ಸಿನಲ್ಲಿ ಏರಿಸೋಣ.”

“ಸ್ವಾಮಿ,” ಎಂದರು ಜಿನದತ್ತ, ಬಹಳ ಮೃದುವಾಗಿ, “ಇದಕ್ಕೆ ಬೇರೆ ಬೇರೆ ಗೇರುಗಳೇ ಇಲ್ಲ. ಹಿಂದಕ್ಕೆ ಹೋದ್ರೂ ಅದೇ ಮೋಟಾರು, ಅದೇ ಕಸುವು. ಮೋಟಾರು ಉಲ್ಟಾ ತಿರುಗುತ್ತೆ, ಅಷ್ಟೇ.”

“ನೀವು ಬಯಲಿನವರು,” ಎಂದೆ ನಾನು.

ತಿರುವಿನಲ್ಲಿ ಅಗಲವಾದ ಜಾಗವಿತ್ತು. ಗಾಡಿಯನ್ನು ತಿರುಗಿಸಿ, ಅದರ ಬೆನ್ನನ್ನು ಗುಡ್ಡಕ್ಕೆ ಕೊಟ್ಟು, ರಿವರ್ಸಿನಲ್ಲಿ ಏರಿಸಿದೆವು. ಒಂದು ಎತ್ತಿನಗಾಡಿಯ ಉದ್ದದಷ್ಟು ಏರಿ ಅದು ಮತ್ತೆ ನಿಂತಿತು. ಆಮೆ ಹಾಗೆಯೇ ಇತ್ತು. ನಾನು ಕಲ್ಲು ಕೊಟ್ಟು ನೆಟ್ಟಗೆ ನಿಂತೆ. ಕೆಳಗೆ ಊರು ಕಾಣುತ್ತಿತ್ತು. ಆ ಊರಿನಲ್ಲಿ ಗಾಡಿ ಕೊಳ್ಳುವವರು ನನ್ನ ಮಾತಿಗಾಗಿ ಕಾಯುತ್ತಿದ್ದುದು ಯಾವ ಒಂದು ಕಾರಣಕ್ಕೋ, ಆ ಕಾರಣ ಈ ಗಾಡಿಗೆ ಅನ್ವಯಿಸುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ನಾನು ಫ್ಲಾಸ್ಕಿನಿಂದ ಸ್ವಲ್ಪ ಕಾಫಿ ಕುಡಿದೆ. ಜಿನದತ್ತರಿಗೂ ಕೊಟ್ಟೆ. ಅವರು ಏನನ್ನೂ ಹೇಳದೆ ಕುಡಿದರು. ಅದಕ್ಕಾಗಿ ಅವರನ್ನು ನಾನು ಇಂದಿಗೂ ಗೌರವಿಸುತ್ತೇನೆ.

“ಸಾರ್,” ಎಂದಳು ವಿಶಾಲಾಕ್ಷಿ ಒಳಗಿನಿಂದ. ಅವಳೊಬ್ಬಳೇ ನನ್ನನ್ನು ಈಗಲೂ ಸಾರ್ ಎನ್ನುತ್ತಾಳೆ. “ಅಂಕಿ ನೋಡಿ. ಏರ್ತಾ ಇದೆ.”

ನೋಡಿದೆವು. ಸುಮ್ಮನೆ ನಿಂತಿದ್ದಾಗ ಹದಿನೈದು ಇಪ್ಪತ್ತಾಗಿತ್ತು, ಇಪ್ಪತ್ತನ್ನೂ ದಾಟುತ್ತಿತ್ತು. ಆಮೆ ಒಮ್ಮೆ ಮಿಣುಕಿ ಮಾಯವಾಯಿತು.

“ಇದು ನನ್ನ ಥರಾನೇ ಸಾರ್,” ಎಂದಳು ಅವಳು. ಉಸಿರೆಳೆದುಕೊಂಡು ಮುಂದುವರಿಸಿದಳು. “ನಾನು ಮಹಡಿ ಮೆಟ್ಟಿಲು ಹತ್ತೋದು ನೋಡಿಲ್ವಾ? ಒಂದೇ ಸಮ ಹತ್ತಿಸಿದ್ರೆ ಬಿದ್ದುಹೋಗ್ತೀನಿ. ಎರಡು ಮೆಟ್ಟಿಲು, ನಿಲ್ಲೋದು. ಇನ್ನೆರಡು, ನಿಲ್ಲೋದು. ಶಕ್ತಿ ಪೂರ್ತಿ ಹೋಗಿಲ್ಲ ಇದಕ್ಕೆ. ಅವಸರ ಮಾಡಿದ್ರೆ ಕೊಡಲ್ಲ, ಅಷ್ಟೇ. ಮಂದಾ, ನೀನು ನನ್ನ ಕೈ ಹಿಡಿದು ಹತ್ತಿಸ್ತೀಯಲ್ಲ, ಹಾಗೇ ಹತ್ತಿಸು.”

ಜಿನದತ್ತ ಎದ್ದು ಕುಳಿತರು. “ಅಮ್ಮ ಹೇಳೋದು ಸರಿ. ಒಳಗೆ ಯಾವುದೋ ಒಂದು ಸಾಲು ಸೆಲ್ಲು ಸೋತಿರಬೇಕು. ಜೋರಾಗಿ ಎಳೆದ್ರೆ ಅದು ಕುಸಿಯುತ್ತೆ, ಬಿಟ್ರೆ ಚೇತರಿಸ್ಕೊಳ್ಳುತ್ತೆ.”

“ಹಾಗಾದ್ರೆ ಇಳೀರಿ,” ಎಂದಳು ಮಂದಾಕಿನಿ. “ನಿಮ್ಮ ತೂಕ ಒಂದು ಕಮ್ಮಿಯಾಗಲಿ.”

ಎ.ಸಿ. ಆರಿಸಿದೆವು. ಜಿನದತ್ತ ಇಳಿದರು; ಆಗಲೇ ಇಳಿದಿದ್ದ ನಾನು ಮತ್ತೆ ಹತ್ತಲಿಲ್ಲ. ಗಾಡಿಯನ್ನು ಮರಳಿ ಮುಮ್ಮುಖವಾಗಿ ತಿರುಗಿಸುವುದೆಂದರೆ ತಿರುವಿಗೆ ಇಳಿದು ಮತ್ತೆ ಅಷ್ಟನ್ನೂ ಏರಬೇಕಿತ್ತು; ಆದ್ದರಿಂದ ಇದ್ದಂತೆಯೇ ಬಿಟ್ಟೆವು. ಹಿಂದಿನ ದಾರಿಯನ್ನು ತೋರಿಸಬೇಕಾ‌ಗಿದ್ದ ಪರದೆಯನ್ನು ಎಚ್ಚರಿಕೆಯ ಬರಹಗಳು ಆವರಿಸಿದ್ದವು. ವಿಶಾಲಾಕ್ಷಿ ಸೀಟಿನ ಮೇಲೆ ಮಗ್ಗುಲಾಗಿ ಕುಳಿತು, ಕಿಟಕಿಯಿಂದ ತಲೆ ಹೊರಹಾಕಿ, ಹಿಂದಿನ ರಸ್ತೆಯನ್ನು ನೋಡಿದಳು.

“ಹೋಗು... ಹೋಗು... ಎಡಕ್ಕೆ. ಸಾಕು, ನಿಲ್ಲು.”

ಗಾಡಿ ನಡೆಯುವ ಮನುಷ್ಯನಿಗಿಂತ ನಿಧಾನವಾಗಿ ಏರಿ ನಿಂತಿತು. ಜಿನದತ್ತ ಇಸ್ತ್ರಿಯಂಗಿಯಲ್ಲೇ ಬಗ್ಗಿ ಗಾಲಿಗೆ ಕಲ್ಲು ಕೊಟ್ಟರು. ಎಲ್ಲರೂ ಕಾದೆವು. ಗಾಡಿ ಉಸಿರು ತಂದುಕೊಂಡಿತು, ವಿಶಾಲಾಕ್ಷಿಯೂ ತಂದುಕೊಂಡಳು. ಯಾರಿಗೆ ಎಷ್ಟು ಹೊತ್ತು ಬೇಕೆಂಬುದನ್ನು ಅವಳೇ ನಿರ್ಧರಿಸಿದಳು.

“ಈಗ. ಮೆಲ್ಲಗೆ. ಬಲಗಡೆ ಚರಂಡಿ ಇದೆ ಮಂದಾ, ಒಂಚೂರು ಎಡ. ಹಾಂ, ಹಾಗೇ. ನಿಲ್ಲು. ಜಿನದತ್ತಪ್ಪ, ಕಲ್ಲು.”

“ಕೊಟ್ಟೆ ತಾಯೀ.”

“ಸಾರ್, ನೀವು ಗಾಡಿ ಹಿಂದೆ ನಿಲ್ಬೇಡಿ. ಆವತ್ತೂ ಇದನ್ನೇ ಹೇಳಿದ್ದೆ ಆ ಗೇಟಿನವನಿಗೆ.”

ಆವತ್ತು ಗೇಟಿನವನೊಬ್ಬನಿದ್ದನೆಂಬುದು ನನಗೆ ನೆನಪಿರಲಿಲ್ಲ. ನಾನು ಪಕ್ಕಕ್ಕೆ ಸರಿದು, ಕೊಡೆ ಬಿಚ್ಚಿ, ಅವಳ ತಲೆಗೆ ಬಿಸಿಲು ಬೀಳದಂತೆ ಕಿಟಕಿಯ ಮೇಲೆ ಹಿಡಿದುಕೊಂಡು ನಡೆದೆ. ಹೀಗೆ, ಏರುತ್ತ ನಿಲ್ಲುತ್ತ, ಗಾಡಿ ಗುಡ್ಡದ ನೆತ್ತಿಯನ್ನು ಮುಟ್ಟಿತು. ಅದು ಹಿಮ್ಮುಖವಾಗಿಯೇ ಏರಿತೆಂಬುದನ್ನು ಇಲ್ಲಿ ನಮೂದಿಸುವುದು ನನ್ನ ಕರ್ತವ್ಯ. ಅದಕ್ಕೂ ನನ್ನ ಉಪಾಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ಜಿನದತ್ತ ಕೇಳಿದವರಿಗೆಲ್ಲ ಹೇಳುತ್ತಾರಂತೆ. ಅವರ ಅಭಿಪ್ರಾಯ ಅವರಿಗೆ.

ನೆತ್ತಿಯಲ್ಲಿ ಗಾಡಿಯನ್ನು ತಿರುಗಿಸಿ ನಾವಿಬ್ಬರೂ ಹತ್ತಿದೆವು. ಇಳಿಯುವಾಗ ಆಮೆ ಕಾಣಲಿಲ್ಲ. ಸಮತಟ್ಟಿನಲ್ಲಿ ಗಾಡಿ ಏನೂ ನಡೆದೇ ಇಲ್ಲವೆಂಬಂತೆ ಓಡಿತು. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಲ್ಲೇ ನಿಂತು, “ಇನ್ನೊಂದು ಚೂರು ತಡವಾಗಿದ್ರೆ ಮಷೀನು ಬೇರೆಯವರಿಗೆ ಹೋಗ್ತಿತ್ತು ನೋಡಿ,” ಎಂದು ಗದರಿ, ಆ ಗದರಿಕೆಯ ಧ್ವನಿಯಲ್ಲೇ ವಿಶಾಲಾಕ್ಷಿಯ ಭುಜ ಹಿಡಿದು ಒಳಗೆ ಕರೆದೊಯ್ದಳು. ಮಂದಾಕಿನಿ ಹಿಂದೆಯೇ ಹೋದಳು.

ಹೊರಗೆ ಬೆಂಚಿನ ಮೇಲೆ ನಾನೂ ಜಿನದತ್ತರೂ ಕುಳಿತೆವು. ಅವರ ಅಂಗಿಯ ತೋಳುಗಳ ತುಂಬ ಗುಡ್ಡದ ಕೆಮ್ಮಣ್ಣು.

“ಹೇಳಿಬಿಡಿ ಸ್ವಾಮಿ,” ಎಂದರು. “ಒಪ್ಪಿಗೆ ಇಲ್ಲ ಅಂತ ತಾನೆ? ವಾಪಸ್ ತಗೊಂಡು ಹೋಗ್ತೀನಿ.”

“ಬ್ಯಾಟರಿಗೆ ಕಂಪನಿಯ ವಾರಂಟಿ ಉಳಿದಿದೆಯೇ?”

“ಇದೆ. ಇನ್ನೂ ಕೆಲವು ವರ್ಷ ಇದೆ.”

“ಗಾಡಿ ಬೇರೆ ಹೆಸರಿಗೆ ಹೋದ ಮೇಲೂ ಅದು ಉಳಿಯುತ್ತದೆಯೇ?”

ಜಿನದತ್ತ ಕತ್ತಿನ ಹಿಂಭಾಗ ಕೆರೆದುಕೊಂಡರು. “ಅದನ್ನ ಕೇಳ್ಬೇಕು.”

“ಹಾಗಾದರೆ ಹೆಸರು ಬದಲಾಗುವ ಮುನ್ನವೇ ನೀವು ನಿಂತು ಸೋತ ಭಾಗವನ್ನು ಬದಲಾಯಿಸಿ ತನ್ನಿ. ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದಿದೆ ಎಂದು ಬರೆಸಿಕೊಂಡು ಬನ್ನಿ. ಸಣ್ಣ ಬ್ಯಾಟರಿ ಹೊಸದಿರಲಿ. ಆಮೇಲೆ ಗುಡ್ಡ ಏರಿಸೋಣ. ಗಾಡಿ ಕೆಟ್ಟದ್ದಲ್ಲ. ಅದರ ಒಂದು ಮೂಲೆ ಸೋತಿದೆ. ಆ ಮೂಲೆ ಸಮತಟ್ಟಿನಲ್ಲಿ ಯಾರಿಗೂ ಕಾಣುವುದಿಲ್ಲ.”

“ಅಲ್ಲಿವರೆಗೆ ಅಮ್ಮನ ಸರದಿ?”

ಈ ಪ್ರಶ್ನೆಯನ್ನು ನಾನು ಕೇಳಬೇಕೆಂದಿದ್ದೆ. ಅವರೇ ಕೇಳಿದರು. ಕೇಳಿ, ಅವರೇ ಉತ್ತರವನ್ನೂ ಹೇಳಿದರು. “ನನ್ನ ಅಂಗಡೀಲಿ ಇನ್ನೊಂದು ಕರೆಂಟು ಗಾಡಿ ಇದೆ, ಚಿಕ್ಕದು. ಇದು ರಿಪೇರಿಯಾಗಿ ಬರೋವರೆಗೆ ಅದನ್ನ ಬಿಟ್ಟಿರ್ತೀನಿ.”

“ಅದು ಗುಡ್ಡ ಏರಿದೆಯೇ?”

“ಇಲ್ಲ. ನಾನೇ ಕೂತು ಏರಿಸ್ತೀನಿ ಸ್ವಾಮಿ. ಕಲ್ಲು ನಾನೇ ತರ್ತೀನಿ.”

ಇಷ್ಟಾದ ಮೇಲೂ ನಾನು ಪೂರ್ಣ ಒಪ್ಪಿಗೆ ಕೊಡಲಿಲ್ಲ. ಏರಿದ್ದು ನಿಜವಾದರೂ, ನಿಯಮದ ಪ್ರಕಾರ ನಡುವೆ ನಿಲ್ಲಬೇಕಾದದ್ದು ಒಂದೇ ಸಲ. ಆದ್ದರಿಂದ ಅರ್ಧ ಒಪ್ಪಿಗೆ ಹಾಗೆಯೇ ಉಳಿಯಿತು, ಮತ್ತು ಮರಳುವ ದಾರಿಯಲ್ಲೂ ನಾನೇ ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳಬೇಕಾಗಿತ್ತು.

ಸ್ವಲ್ಪ ಹೊತ್ತಿಗೆ ಮಂದಾಕಿನಿ ಹೊರಗೆ ಬಂದು, ಅಮ್ಮ ಕರೆಯುತ್ತಿದ್ದಾಳೆ ಎಂದಳು. ಒಳಗೆ ಯಂತ್ರ ಸಣ್ಣಗೆ ಗುನುಗುತ್ತಿತ್ತು. ವಿಶಾಲಾಕ್ಷಿಯ ಎಡಗೈಯಿಂದ ಎರಡು ನಳಿಗೆಗಳು ಹೊರಟು ಯಂತ್ರವನ್ನು ಸೇರಿದ್ದವು. ಅವಳ ಮುಖ ತಿಳಿಯಾಗುತ್ತಿತ್ತು. ಕಣ್ಣು ಮುಚ್ಚಿದ್ದಳು, ಆದರೆ ಎಚ್ಚರವಾಗಿದ್ದಳು. ನನಗೊಂದು ಸ್ಟೂಲು ಎಳೆದು ಕೊಟ್ಟು, ಮಂದಾಕಿನಿ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಾನು ಪರೀಕ್ಷೆಯ ದಿನದ ಪ್ರಸಂಗವನ್ನು ಹೇಳುವುದುಂಟು. ಅಂದು ಹೇಳಬೇಕೆನ್ನಿಸಲಿಲ್ಲ.

“ಮೇಷ್ಟ್ರೇ,” ಎಂದಳು ಮಂದಾಕಿನಿ, “ಆ ವ್ಯಾನಿನ ಕಥೆ ಇನ್ನೊಂದ್ಸಲ ಹೇಳಿ.”

“ನಿನಗೆ ಅದು ಬಾಯಿಪಾಠವಾಗಿದೆಯಲ್ಲ.”

“ನೀವು ಓಡಿಸಿದ್ದು ಬಾಯಿಪಾಠ ಆಗಿದೆ. ಅಮ್ಮ ಎಲ್ಲಿ ಎಡ ಅಂದ್ಲು, ಎಲ್ಲಿ ಬಲ ಅಂದ್ಲು, ಎಲ್ಲಿ ನಿಲ್ಸಿ ಅಂದ್ಲು, ಆ ಗೇಟಿನವನು ಯಾರು, ಅದನ್ನ ನೀವು ಯಾವತ್ತೂ ಹೇಳಿಲ್ಲ.” ಅವಳು ತಾಯಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ಇನ್ನು ಮೇಲೆ ಓಡಿಸೋಳು ನಾನಲ್ವಾ? ಮೊದಲಿಂದ ಹೇಳಿ. ನೀವು ಮರೆತಲ್ಲಿ ಅಮ್ಮ ಹೇಳ್ತಾಳೆ.”